ಖಾಲಿ ಬಿಡಬೇಕಾಗಿದ್ದ ವಿಳಾಸ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಸಿಟ್ಟು ಬಂದು ಪಾತ್ರೆ ಕುಕ್ಕಿದ್ದೇನೆ, ಫೋನ್ ಎಸೆದಿದ್ದೇನೆ, ಮದುವೆ ಮನೆಯಲ್ಲಿ ಎಲೆ ಮುಂದಿನಿಂದ ಎದ್ದು ಬಂದಿದ್ದೇನೆ. ಅವೆಲ್ಲ ಆಮೇಲೆ ನಕ್ಕು ಮರೆತ ಸಂಗತಿಗಳು. ಆದರೆ ಒಂದು ಭಾನುವಾರದ ಸಿಟ್ಟು ನನ್ನ ತಂಗಿಯ ಜೀವಕ್ಕೇ ಕುತ್ತು ತಂದಿತು. ಅದರಿಂದ ನನ್ನೊಳಗೆ ಕೂತ ಹೆದರಿಕೆ ಇನ್ನೂ ಎದ್ದು ಹೋಗಿಲ್ಲ.

ನಾನು ಕೆಲಸ ಮಾಡುವುದು ಒಂದು ಕಂಪನಿಯ ಕಂಪ್ಯೂಟರ್ ಭದ್ರತೆಯ ವಿಭಾಗದಲ್ಲಿ. ವಾರದಲ್ಲಿ ಎರಡು ದಿನ ಆಫೀಸು, ಉಳಿದ ದಿನ ತ್ಯಾಗರಾಜನಗರದ ನಮ್ಮ ಮನೆಯ ಊಟದ ಮೇಜು. ಕೆಲಸದ ಮುಖ್ಯ ಸಾಮಾನು ಒಂದು ಸಣ್ಣ ಟೂಲು, ನಾನೇ ಬರೆದದ್ದು. ಅದಕ್ಕೆ ಬಟನ್ ಇಲ್ಲ, ಬಣ್ಣ ಇಲ್ಲ, ಮೌಸ್ ಬೇಕಿಲ್ಲ. ಕಪ್ಪು ಪರದೆಯಲ್ಲಿ ಒಂದೇ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು. ಒಂದು ವೆಬ್‌ಸೈಟಿನ ಹೆಸರೋ ಒಬ್ಬ ಮನುಷ್ಯನ ಹೆಸರೋ ಕೊಟ್ಟರೆ ಸಾಕು, ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿರುವ ಜಾಗಗಳನ್ನೆಲ್ಲ ಸುತ್ತಿ, ಅದರ ಬಗ್ಗೆ ಎಲ್ಲೆಲ್ಲಿ ಏನೇನು ಬಿದ್ದಿದೆ ಎಂದು ಆಯ್ದು ತಂದು ಸಾಲಾಗಿ ಬರೆಯುತ್ತದೆ. ಕಳ್ಳ ಬರುವುದಕ್ಕೆ ಮುಂಚೆ ಕಳ್ಳನ ಕಣ್ಣಿಗೆ ಏನೇನು ಕಾಣುತ್ತದೆ ಎಂದು ನಾವೇ ನೋಡಿಟ್ಟುಕೊಳ್ಳುವ ಕೆಲಸ ಅದು.

ಆಫೀಸಿನ ಹೊಸಬರಿಗೆ ನಾನು ಇದನ್ನು ಮದುವೆ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಪ್ರತಿ ಮದುವೆಯಲ್ಲೂ ಒಬ್ಬರು ಅತ್ತೆ ಇರುತ್ತಾರೆ. ಕೋಸಂಬರಿ ಬಡಿಸುವಾಗ ಒಬ್ಬರನ್ನು ಒಂದು ಮಾತು ಕೇಳುತ್ತಾರೆ, ಕೈ ತೊಳೆಯುವಲ್ಲಿ ಇನ್ನೊಬ್ಬರನ್ನು ಇನ್ನೊಂದು. ತಾಂಬೂಲದ ಹೊತ್ತಿಗೆ ಹುಡುಗನ ಸಂಬಳ, ಹುಡುಗಿಯ ಹಳೆಯ ನೆಂಟಸ್ತಿಕೆ, ಬೀಗರ ಮನೆಯ ಜಗಳ ಎಲ್ಲವೂ ಅವರಿಗೆ ಗೊತ್ತಿರುತ್ತದೆ. ಯಾರ ಬೀರುವನ್ನೂ ಅವರು ತೆಗೆದಿರುವುದಿಲ್ಲ. ಎಲ್ಲರೂ ತಾವಾಗಿಯೇ ಹೇಳಿದ್ದನ್ನು ಒಟ್ಟು ಮಾಡಿರುತ್ತಾರೆ, ಅಷ್ಟೇ. ನನ್ನ ಟೂಲೂ ಅಷ್ಟೇ ಮಾಡುವುದು.

ಇನ್ನು ತಂಗಿಯ ವಿಷಯ. ಅವಳು ನನ್ನ ಚಿಕ್ಕಮ್ಮನ ಮಗಳು, ನನಗಿಂತ ಹದಿನಾರು ವರ್ಷ ಚಿಕ್ಕವಳು. ಚಾಮರಾಜಪೇಟೆಯಲ್ಲಿ ನಮ್ಮವರದೇ ಒಂದು ವಧೂವರ ಕೇಂದ್ರವಿದೆ, ಅದರ ಮೂಲಕವೇ ಅವಳ ಮದುವೆಯಾಯಿತು. ಹುಡುಗ ಮೃದು ಮಾತಿನವನು. ದೊಡ್ಡವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಎಂಥ ಅಳಿಯ ಸಿಕ್ಕಿದ ಎಂದು ಚಿಕ್ಕಮ್ಮ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡರು. ಎರಡನೇ ವರ್ಷ ತಂಗಿಯ ಎಡಗೈಯ ಎರಡು ಬೆರಳು ಮುರಿದವು. ಬಾಗಿಲಿಗೆ ಸಿಕ್ಕಿಕೊಂಡಿತು ಎಂದಳು. ಸಿಕ್ಕಿಕೊಂಡದ್ದಲ್ಲ, ಅವನು ಅವಳ ಕೈಯನ್ನು ಬಾಗಿಲ ಸಂದಿಯಲ್ಲಿ ಹಿಡಿದು ಬಾಗಿಲು ಹಾಕಿದ್ದ. ಇದನ್ನು ಅವಳು ನನಗೆ ಹೇಳಿದ್ದು ಅದಾಗಿ ಎರಡು ವರ್ಷದ ಮೇಲೆ, ನಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ. ಆ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ವಿಚ್ಛೇದನವಾದ ದಿನ ಕೋರ್ಟಿನ ಮೆಟ್ಟಿಲಲ್ಲಿ ಅವನು ಅವಳ ಪಕ್ಕ ಬಂದು, ಯಾರಿಗೂ ಕೇಳದ ಹಾಗೆ, "ಎಲ್ಲಿಗೆ ಹೋಗ್ತೀಯೋ ಹೋಗು, ಬರ್ತೀನಿ" ಎಂದನಂತೆ. ಆಮೇಲೆ ವಾರಗಟ್ಟಲೆ ಚಿಕ್ಕಮ್ಮನ ಮನೆಯ ಎದುರು ಸ್ಕೂಟರ್ ನಿಲ್ಲಿಸಿಕೊಂಡು ಕೂರುತ್ತಿದ್ದ. ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದ. ಪೊಲೀಸರಿಗೆ ಹೇಳಿದರೆ, ರಸ್ತೆಯಲ್ಲಿ ಕೂತವರನ್ನು ಏನು ಮಾಡೋದು ಅಂದರು.

ಆಗ ಮನೆ ಹುಡುಕಿದವಳು ನಾನು. ಗಾಂಧಿ ಬಜಾರಿನ ಹಿಂದಿನ ಒಂದು ಓಣಿಯಲ್ಲಿ ಮೊದಲನೇ ಮಹಡಿ, ಒಂದು ರೂಮು, ಒಂದು ಅಡುಗೆಮನೆ. ಕೆಳಗೆ ಒಬ್ಬರು ವಯಸ್ಸಾದ ಟೈಲರ್, ಹೆಂಗಸರ ಬ್ಲೌಸ್ ಹೊಲಿಯುವವರು. ಹತ್ತಿರದಲ್ಲೇ ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು. ಆ ವಿಳಾಸ ಗೊತ್ತಿದ್ದದ್ದು ಮೂರೇ ಜನಕ್ಕೆ: ಅವಳಿಗೆ, ನನಗೆ, ಚಿಕ್ಕಮ್ಮನಿಗೆ. ಅವನು ಹಿಂಬಾಲಿಸಬಹುದೆಂದು ಚಿಕ್ಕಮ್ಮ ಆ ಮನೆಗೆ ಕಾಲಿಡಲೇಬಾರದು ಎಂದು ನಾನು ಕಟ್ಟಪ್ಪಣೆ ಮಾಡಿದ್ದೆ. ತಿಂಗಳಿಗೊಮ್ಮೆ ತಾಯಿ ಮಗಳು ನಮ್ಮ ಮನೆಯಲ್ಲಿ ಸೇರುವುದು, ಊಟ ಮಾಡುವುದು, ಬೇರೆಬೇರೆ ಹೊತ್ತಿಗೆ ಹೊರಡುವುದು. ಪಾಪ, ಚಿಕ್ಕಮ್ಮ ಅದಕ್ಕೂ ಒಪ್ಪಿಕೊಂಡರು.

ಇಷ್ಟರ ಮೇಲೆ ನನ್ನ ಟೂಲಿನಲ್ಲಿ ತಂಗಿಯ ಹೆಸರನ್ನೂ ಸೇರಿಸಿದ್ದೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುವುದಕ್ಕೆ ಮುಂಚೆ ಅದನ್ನು ಓಡಿಸುವುದು. ಎಲ್ಲಾದರೂ ಅವಳ ಹೆಸರು ಕಂಡರೆ ಸಾಲು ಕೆಂಪಗೆ ಬರಬೇಕು, ಇಲ್ಲದಿದ್ದರೆ "ಏನೂ ಸಿಗಲಿಲ್ಲ" ಎಂದು ಬರಬೇಕು. ಆ ಎರಡು ಪದಗಳನ್ನು ನೋಡಿದ ಮೇಲೆಯೇ ನನಗೆ ಕಾಫಿ ರುಚಿಸುತ್ತಿದ್ದದ್ದು.

ಇಷ್ಟೆಲ್ಲ ಜಾಣತನ ಮಾಡಿದವಳು ಆ ಭಾನುವಾರ ಮಾಡಿದ್ದೇನು, ಕೇಳಿ.

ಚಾಮರಾಜಪೇಟೆಯ ಆ ವಧೂವರ ಕೇಂದ್ರವೆಂದರೆ ಕಲ್ಯಾಣ ಮಂಟಪದ ಹಿಂದಿನ ಒಂದು ಕೋಣೆ, ಎರಡು ಕಬ್ಬಿಣದ ಬೀರು, ಉದ್ದನೆಯ ಬೆಂಚು. ಭಾನುವಾರ ಹತ್ತರಿಂದ ಒಂದರವರೆಗೆ ಅಪ್ಪ ಅಮ್ಮಂದಿರು ಬಂದು ಫೈಲು ತಿರುವಿ ಜಾತಕ ನೋಡುತ್ತಾರೆ. ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರ್, ಎಂಬತ್ತರ ಹತ್ತಿರ. ಅರ್ಜಿಯಲ್ಲಿ ಹೆಸರು, ಗೋತ್ರ, ನಕ್ಷತ್ರ, ನಿಮಿಷದ ಸಮೇತ ಹುಟ್ಟಿದ ಹೊತ್ತು, ತಾಯಿಯ ತವರು, ಕೆಲಸ, ಮನೆಯ ವಿಳಾಸ, ಮನೆಯಲ್ಲಿ ಎಷ್ಟು ಜನ, ಮನೆ ಗುರುತಿಸಲು ಹತ್ತಿರ ಏನಿದೆ, ಮನೆಯಲ್ಲಿ ಸಿಗುವ ಹೊತ್ತು ಎಲ್ಲವೂ ಬೇಕು. ಒಂದು ಕಾಲಂ ಖಾಲಿ ಇದ್ದರೂ ಅರ್ಜಿ ವಾಪಸ್. "ಖಾಲಿ ಬಿಟ್ರೆ ಏನೋ ಮುಚ್ಚಿಡ್ತಿದಾರೆ ಅಂತ ಅರ್ಥ ಆಗುತ್ತಮ್ಮ. ಸಂಬಂಧ ಕೂಡಲ್ಲ" ಎನ್ನುವುದು ಅವರ ಖಚಿತ ಅಭಿಪ್ರಾಯ. ನಮ್ಮವರೂ ಅದನ್ನು ನಂಬುತ್ತಾರೆ. ತುಂಬಿದ ಅರ್ಜಿಯನ್ನು ಕೇಂದ್ರದಲ್ಲೇ ಟೈಪ್ ಮಾಡಿ, ಸೀಲು ಹೊಡೆದು, ಸ್ಕ್ಯಾನ್ ಮಾಡಿ ಇಡುತ್ತಾರೆ.

ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಪಾಸ್‌ವರ್ಡ್ ಹಾಕಿಯೇ ಕೊಟ್ಟಿದ್ದೆ. ಆದರೆ ಆ ಪಾಸ್‌ವರ್ಡ್ ನನ್ನ ಪ್ರಾಣ ತಿಂದಿತು. "ಅಮ್ಮಾ, ತಗೋತಾನೇ ಇಲ್ಲ", "ದೊಡ್ಡ ಅಕ್ಷರಾನಾ ಚಿಕ್ಕದಾ?", "ನಮ್ಮೆಜಮಾನ್ರು ಬರೆದಿಟ್ಟ ಚೀಟಿ ಕಳೆದ್ಹೋಯ್ತು". ಪ್ರತಿ ಭಾನುವಾರ ಹೀಗೆ ಫೋನು. ಆ ದಿನ ಒಗ್ಗರಣೆ ಸೀದುಹೋಯಿತು, ಹುಳಿ ಉಕ್ಕಿ ಒಲೆಯೆಲ್ಲ ಆಯಿತು, ಅಷ್ಟರಲ್ಲಿ ಹನ್ನೊಂದನೆಯ ಫೋನು, ಸ್ವತಃ ಕಾರ್ಯದರ್ಶಿಗಳದ್ದು. "ಆ ಬೀಗಾನ ತೆಗೆದ್ಬಿಡಮ್ಮ, ನಮ್ಮವರೇ ನೋಡೋದು, ಯಾರಿಗೆ ಹೆದರ್ಬೇಕು?" ಎಂದರು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಒದ್ದೆ ಕೈಯಲ್ಲೇ ಲ್ಯಾಪ್‌ಟಾಪ್ ತೆಗೆದು ಪಾಸ್‌ವರ್ಡನ್ನೇ ಅಳಿಸಿಬಿಟ್ಟೆ. "ತಗೊಳ್ಳಿ ಸಾರ್, ಬಾಗಿಲೇ ಕಿತ್ತು ಹಾಕಿದೀನಿ. ಇನ್ಮೇಲೆ ದಯವಿಟ್ಟು ಯಾರೂ ನನಗೆ ಫೋನ್ ಮಾಡ್ಬೇಡಿ" ಎಂದೆ. "ಬಹಳ ಉಪಕಾರ ಆಯ್ತಮ್ಮ, ದೇವರು ಚೆನ್ನಾಗಿಟ್ಟಿರ್ಲಿ" ಎಂದು ಅವರು ಹರಸಿದರು.

ನಾಳೆ ಸರಿ ಮಾಡಿದರಾಯಿತು ಅಂದುಕೊಂಡೆ. ನಾಳೆ ಆಫೀಸಿತ್ತು, ನಾಡಿದ್ದು ಇನ್ನೇನೋ ಇತ್ತು. ಹಾಗೇ ನಾಲ್ಕು ತಿಂಗಳಾಯಿತು.

ಆ ನಾಲ್ಕು ತಿಂಗಳು ಕಳೆದ ಮೇಲೆ ಒಂದು ಬುಧವಾರ, ಮಧ್ಯಾಹ್ನ ಮೂರೂಮುಕ್ಕಾಲು. ನನ್ನ ಟೂಲಿಗೆ ಹೊಸ ವಿದ್ಯೆ ಕಲಿಸಿದ್ದೆ. ಅದುವರೆಗೆ ಅದು ಅಕ್ಷರವಾಗಿ ಬರೆದದ್ದನ್ನು ಮಾತ್ರ ಓದುತ್ತಿತ್ತು. ಸ್ಕ್ಯಾನ್ ಮಾಡಿದ ಹಾಳೆ ಅದರ ಪಾಲಿಗೆ ಒಂದು ಚಿತ್ರ, ಅದರಲ್ಲಿ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಈಗ ಅಂಥ ಹಾಳೆಯಲ್ಲಿರುವ ಕನ್ನಡವನ್ನೂ ಓದುವ ಹಾಗೆ ಮಾಡಿದ್ದೆ. ಪರೀಕ್ಷೆಗೆ ಒಂದಷ್ಟು ಕನ್ನಡದ ಸ್ಕ್ಯಾನುಗಳು ಬೇಕಿದ್ದವು. ನಮ್ಮ ಕೇಂದ್ರದ ಅರ್ಜಿಗಳು ನೆನಪಾದವು. ನನ್ನದೇ ಸೈಟು, ಯಾರನ್ನು ಕೇಳಬೇಕು? ಕಡಲೆಕಾಯಿ ಬಾಯಿಗೆ ಹಾಕಿಕೊಂಡು ಸೈಟಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ.

ಸಾಲುಗಳು ಓಡತೊಡಗಿದವು. ಬಾಗಿಲು ತೆರೆದಿದೆ. ಫೈಲುಗಳ ಪಟ್ಟಿ ಹೊರಗೆ ಕಾಣುತ್ತಿದೆ. ಇಂಟರ್‌ನೆಟ್ಟಿನ ಸರ್ಚ್ ಕಂಪನಿಗಳವರು ಬಂದು ಎಲ್ಲವನ್ನೂ ನಕಲು ಮಾಡಿಕೊಂಡು ಹೋಗಿದ್ದಾರೆ. ನಾಚಿಕೆಯಾಯಿತು. ಬೇರೆಯವರ ಸೈಟಾಗಿದ್ದರೆ ಎಷ್ಟು ಬೈಯುತ್ತಿದ್ದೆ! ಅಷ್ಟರಲ್ಲಿ "ಮರುವಿವಾಹ" ಎಂಬ ಫೈಲಿನ ಕೆಳಗೆ ಒಂದು ಸಾಲು ಕೆಂಪಗೆ ಬಂತು.

ಆ ಕೆಂಪನ್ನು ನಾನೇ ಆರಿಸಿದ್ದು. ಅದು ಒಬ್ಬಳದೇ ಹೆಸರಿಗೆ.

ಅರ್ಜಿ ತೆರೆದೆ. ಮೇಲೆ ತಂಗಿಯ ಫೋಟೋ, ನಮ್ಮ ಮನೆಯ ಬಾಲ್ಕನಿಯಲ್ಲಿ ನಾನೇ ತೆಗೆದದ್ದು. ಕೆಳಗೆ ಎಲ್ಲ ಕಾಲಂಗಳೂ ಭರ್ತಿ. ಮನೆಯ ವಿಳಾಸ, ಓಣಿಯ ಹೆಸರು, ಬಾಗಿಲ ಸಂಖ್ಯೆ, ಮೊದಲನೇ ಮಹಡಿ. ಗುರುತು: ಕೆಳಗೆ ಬ್ಲೌಸ್ ಹೊಲಿಯುವ ಅಂಗಡಿ. ಮನೆಯಲ್ಲಿ ಇರುವವರು: ಒಬ್ಬಳೇ. ಮನೆಯಲ್ಲಿ ಸಿಗುವ ಹೊತ್ತು: ಸಂಜೆ ಐದೂವರೆಯ ನಂತರ. ಕೊನೆಯಲ್ಲಿ ಕೇಂದ್ರದ ದುಂಡನೆಯ ನೀಲಿ ಸೀಲು.

ಮೊದಲು ಸೈಟನ್ನು ಪೂರ್ತಿ ಮುಚ್ಚಿದೆ. ಎರಡು ಸಲ ತಪ್ಪು ಟೈಪ್ ಮಾಡಿದೆ. ಆಮೇಲೆ ಆ ಅರ್ಜಿಯನ್ನು ಯಾರು ಯಾವಾಗ ತೆರೆದರು ಎಂಬ ದಾಖಲೆ ತೆಗೆದೆ. ಹನ್ನೆರಡು ದಿನದ ಹಿಂದೆ ಅದು ಸೈಟಿಗೆ ಬಂದಿತ್ತು. ಸರ್ಚ್‌ನವರನ್ನು ಬಿಟ್ಟರೆ ತೆರೆದವರು ಇಬ್ಬರೇ. ಒಬ್ಬರು ದಿನಾ ಬೆಳಿಗ್ಗೆ ಆರಕ್ಕೆ, ತಪ್ಪದೆ. ಇನ್ನೊಬ್ಬರು ಭಾನುವಾರದಿಂದ ಮೂರು ದಿನದಲ್ಲಿ ಏಳು ಸಲ. ಆ ಎರಡನೆಯವರು ಬೇರೆ ಯಾವ ಅರ್ಜಿಯನ್ನೂ ನೋಡಿರಲಿಲ್ಲ. ಮರುವಿವಾಹದ ಪಟ್ಟಿ, ಅದರಲ್ಲಿ ಇದೊಂದು, ಮುಗಿಯಿತು. ಯಾರೆಂದು ನನ್ನ ಟೂಲನ್ನು ಕೇಳಿದರೆ ಬೆಂಗಳೂರಿನಲ್ಲಿರುವ ಒಂದು ಮೊಬೈಲ್ ಎಂದು ಹೇಳಿತು. ಅದರಿಂದ ಏನು ಗೊತ್ತಾಗುತ್ತದೆ, ಮಣ್ಣು!

ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮ, ಅವಳ ಹೆಸರು ಕೇಂದ್ರದಲ್ಲಿ ಬರೆಸಿದ್ರಾ?"

ಚಿಕ್ಕಮ್ಮ ಮೆಲ್ಲಗೆ, "ಬೈಬೇಡ ಕಣೇ. ನಾನಿರೋಷ್ಟ್ರಲ್ಲಿ ಅವಳಿಗೊಂದು ದಿಕ್ಕಾಗ್ಲಿ ಅಂತ. ಅವಳಿಗೆ ಹೇಳಿಲ್ಲ, ಮೊದಲು ಒಳ್ಳೇ ಸಂಬಂಧ ಬರ್ಲಿ ಅಂತಿದ್ದೆ" ಎಂದರು.

"ವಿಳಾಸ ಯಾಕೆ ಕೊಟ್ರಿ? ನಿಮ್ಮನೇದು ಕೊಡಬಾರ್ದಿತ್ತಾ?"

"ಕೊಟ್ಟಿದ್ದೆ ಕಣೇ. ಹುಡುಗಿ ಇರೋ ಮನೇದೇ ಬೇಕು ಅಂದ್ರು. ಖಾಲಿ ಬಿಡ್ತೀನಿ ಅಂದೆ, ಅರ್ಜಿನೇ ವಾಪಸ್ ಕೊಟ್ರು. ಕಂಪ್ಯೂಟರ್ ನಿಮ್ಮ ಅಕ್ಕನ ಮಗಳೇ ನೋಡ್ಕೊಳ್ಳೋದು, ಯಾಕೆ ಹೆದರ್ತೀರ ಅಂತಂದ್ರು. ನೀನಿದೀಯಲ್ಲ ಅಂತ ಕೊಟ್ಟೆ."

ಯಾರನ್ನು ಬೈಯಲಿ?

"ದಿನಾ ಬೆಳಿಗ್ಗೆ ಆರು ಗಂಟೆಗೆ ಅದನ್ನ ತೆಗೆದು ನೋಡ್ತಿರೋರು ಯಾರು?"

"ನಾನೇ ಕಣೇ. ಫೋಟೋ ಚೆನ್ನಾಗಿ ಬಂದಿದೆ. ಎದ್ದ ತಕ್ಷಣ ಒಂದ್ಸಲ ನೋಡ್ತೀನಿ. ನೋಡಬಾರ್ದಿತ್ತಾ?"

ಒಬ್ಬರು ಯಾರೆಂದು ಗೊತ್ತಾಯಿತು. ಇನ್ನೊಬ್ಬರು ಯಾರಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ಚಿಕ್ಕಮ್ಮನಿಗೆ ಬಾಗಿಲು ಹಾಕಿಕೊಂಡು ಒಳಗೇ ಇರಿ ಎಂದೆ. ತಂಗಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಶಾಲೆಯಲ್ಲಿ ಮಕ್ಕಳ ಮುಂದೆ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ, ಮನೆ ಸೇರಿದ ಮೇಲೇ ಅವಳು ಅದನ್ನು ತೆಗೆಯುವುದು. ಶಾಲೆಯ ನಂಬರು ನನ್ನಲ್ಲಿರಲಿಲ್ಲ. ಅವಳ ಯಾವ ಗುರುತೂ ಎಲ್ಲೂ ಇರಬಾರದೆಂದು ನಾನೇ ಬರೆದುಕೊಂಡಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಆಟೋದವರಿಗೆ ಬೇಗ ಬೇಗ ಎಂದು ತಲೆ ತಿಂದೆ. ಎನ್.ಆರ್. ಕಾಲೊನಿ ದಾಟುವಾಗ, "ಏನಮ್ಮಾ, ಆಸ್ಪತ್ರೆನಾ?" ಎಂದು ಕೇಳಿದರು. ಹ್ಞೂಂ ಎಂದೆ. ಆಮೇಲೆ ಅವರು ಎಲ್ಲೂ ನಿಲ್ಲಿಸಲಿಲ್ಲ.

ಓಣಿಯಲ್ಲಿ ಟೈಲರ್ ಮೆಷಿನ್ ತುಳಿಯುತ್ತಾ ಕೂತಿದ್ದರು. ನನ್ನ ಗುರುತು ಅವರಿಗಿತ್ತು. ಏದುಸಿರು ಬಿಡುತ್ತಾ, "ನಮ್ಮ ಹುಡುಗೀನ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?" ಎಂದೆ.

ಅವರ ಮುಖ ಅರಳಿತು. "ಹ್ಞೂಂ ಅಮ್ಮಾ, ನಿನ್ನೆ ಬಂದಿದ್ರು! ಮದ್ವೆ ವಿಷ್ಯ ಅಲ್ವಾ? ಕೈಲಿ ಜಾತಕದ ಪೇಪರ್ರು, ಸೀಲು ಎಲ್ಲಾ ಇತ್ತು. ಹುಡುಗಿ ನೋಡೋಕೆ ಮುಂಚೆ ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ, ಅವರಿಗೇನೂ ಹೇಳ್ಬೇಡಿ, ನಾಳೆ ಹಿರಿಯರ ಜೊತೆ ಬರ್ತೀನಿ ಅಂದ್ರು. ತುಂಬಾ ಮರ್ಯಾದಸ್ಥರು. ಅಂಗಡಿ ಮುಂದೆ ಕಾಯ್ತಾ ಕೂತಿದ್ದೋರು ನನ್ನನ್ನ ಕಂಡು ಎದ್ದು ನಿಂತ್ರು."

"ನೋಡೋಕೆ ಹೇಗಿದ್ರು?"

"ಹೆಲ್ಮೆಟ್ ತೆಗೀಲಿಲ್ಲ ಅಮ್ಮಾ. ಸ್ಕೂಟರಲ್ಲಿ ಬಂದಿದ್ರು. ಕೈಗೆ ಹಸಿರು ಕಲ್ಲಿನ ಉಂಗುರ ಇತ್ತು."

ಆ ಉಂಗುರ ನಮ್ಮ ಮನೆಯದು. ವರೋಪಚಾರದ ದಿನ ಚಿಕ್ಕಮ್ಮ ಅವನ ಬೆರಳಿಗೆ ಹಾಕಿದ್ದು, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತವಳು ನಾನು.

ಅವನು ನಾಳೆ ಎಂದದ್ದು ನಿನ್ನೆ. ಗಡಿಯಾರ ನೋಡಿದೆ, ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಟೈಲರಿಗೆ ಎರಡೇ ಮಾತಿನಲ್ಲಿ ವಿಷಯ ಹೇಳಿದೆ. ಕತ್ತರಿ ಕೆಳಗಿಟ್ಟು, "ಅಯ್ಯೋ ದೇವರೇ, ಮೆಟ್ಲು ತೋರ್ಸಿದ್ದೇ ನಾನು ಅಲ್ವೇನಮ್ಮಾ" ಎಂದರು. ಅವಳು ಬಂದರೆ ಮೇಲೆ ಬಿಡಬೇಡಿ, ಅವನು ಬಂದರೆ ಫೋನ್ ಮಾಡಿ ಎಂದು ನನ್ನ ನಂಬರು ಕೊಟ್ಟು ಶಾಲೆಗೆ ಓಡಿದೆ. ಗೇಟಿಗೆ ಬೀಗ. ಕಸ ಗುಡಿಸುತ್ತಿದ್ದ ಆಯಾ, "ಮಿಸ್ಸು ಈಗ ತಾನೇ ಹೋದ್ರು, ಸೊಪ್ಪು ತಗೋಬೇಕು ಅಂತಿದ್ರು" ಎಂದರು.

ಗಾಂಧಿ ಬಜಾರಿನಲ್ಲಿ ಆ ಹೊತ್ತಿಗೆ ಜನವೋ ಜನ. ಮಾರನೇ ದಿನ ಯಾವುದೋ ಹಬ್ಬ. ಮಲ್ಲಿಗೆ, ಕನಕಾಂಬರ, ಬಾಳೆಕಂದು, ಎಲ್ಲರ ಕೈಯಲ್ಲೂ ಚೀಲ. ಜಗತ್ತಿನ ಯಾವ ಮೂಲೆಯಲ್ಲಿ ಏನು ಬಿದ್ದಿದ್ದರೂ ಹೆಕ್ಕಿ ತರುತ್ತೇನೆಂದು ಜಂಬ ಕೊಚ್ಚುವವಳಿಗೆ ಒಂದು ಬೀದಿಯಲ್ಲಿ ಒಬ್ಬ ಹೆಂಗಸು ಸಿಗುತ್ತಿಲ್ಲ. ಹೆಸರು ಹಿಡಿದು ಕೂಗೋಣವೆಂದರೆ ಭಯ. ಇಲ್ಲೇ ಎಲ್ಲಾದರೂ ಅವನು ನಿಂತಿದ್ದರೆ? ಹೆಲ್ಮೆಟ್ ಹಾಕಿದ ಒಬ್ಬೊಬ್ಬನ ಬೆರಳನ್ನೂ ನೋಡುತ್ತಾ ನಡೆದೆ. ಎಷ್ಟೊಂದು ಜನ ಹೆಲ್ಮೆಟ್ ತೆಗೆಯದೆ ಹೂವು ಕೊಳ್ಳುತ್ತಾರೆ ಎಂದು ನನಗೆ ಅವತ್ತೇ ತಿಳಿದದ್ದು. ಒಬ್ಬರು ನನ್ನ ನೋಟಕ್ಕೆ ಗಾಬರಿಯಾಗಿ, "ಏನು ಬೇಕಮ್ಮಾ?" ಎಂದೇ ಕೇಳಿಬಿಟ್ಟರು.

ಕೊನೆಗೆ ಸೊಪ್ಪಿನವರ ಸಾಲಿನ ತುದಿಯಲ್ಲಿ ಅವಳ ಎಡಗೈ ಕಂಡಿತು. ಬಗ್ಗಿ ಕೂತು ದಂಟಿನ ಸೊಪ್ಪು ಆರಿಸುತ್ತಿದ್ದಳು, ಎರಡು ಬೆರಳು ನೆಟ್ಟಗೆ ನಿಂತಿದ್ದವು. ಹತ್ತಿರ ಹೋದೆ. ತಲೆಯೆತ್ತಿ ನನ್ನ ಮುಖ ನೋಡಿದಳು.

"ಬಂದಿದಾನಾ ಅಕ್ಕಾ?" ಎಂದಳು.

ಯಾರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರಿಸಿದ್ದ ಸೊಪ್ಪನ್ನು ಮತ್ತೆ ಬುಟ್ಟಿಗೆ ಜೋಡಿಸಿ, "ನಾಳೆ ತಗೋತೀನಮ್ಮ" ಎಂದು ಸೊಪ್ಪಿನವಳಿಗೆ ಹೇಳಿ ಎದ್ದಳು. ನನ್ನ ಕೈ ಹಿಡಿದುಕೊಂಡಳು. ಎರಡು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ ಫೋನ್ ಬಂತು. ಟೈಲರ್, ಪಿಸುದನಿಯಲ್ಲಿ: "ಬಂದವ್ರೆ ಅಮ್ಮಾ. ಒಬ್ರೇ. ಹಿರಿಯರು ಯಾರೂ ಇಲ್ಲ. ಮೇಲ್ಗಡೆ ಬಾಗಿಲ ಮುಂದೆ ಕೂತವ್ರೆ."

ಸುಮ್ಮನೆ ಕೂತಿದ್ದಾನೆ. ಬಾಗಿಲಿಗೆ ಬೆನ್ನು ಕೊಟ್ಟು, ಕತ್ತಲ ಮೆಟ್ಟಿಲಲ್ಲಿ, ಅವಳು ಐದೂವರೆಗೆ ಒಬ್ಬಳೇ ಬೀಗದ ಕೈ ಹಿಡಿದು ಹತ್ತಿ ಬರುವುದನ್ನು ಕಾಯುತ್ತಾ.

ನಾವು ಠಾಣೆಗೆ ಹೋದೆವು. ಇಬ್ಬರು ಪೊಲೀಸರು ಹೋಗಿ ಅವನನ್ನು ಕರೆತಂದರು. ಅವನು ಮೆಲ್ಲನೆ ಹೆಲ್ಮೆಟ್ ತೆಗೆದು, ಮೇಜಿನ ಹಿಂದೆ ಕೂತಿದ್ದ ಮಹಿಳಾ ಅಧಿಕಾರಿಗೆ ಕೈಮುಗಿದು, ಜೇಬಿನಿಂದ ಮಡಚಿದ ಹಾಳೆ ತೆಗೆದಿಟ್ಟ.

"ನೋಡಿ ಮೇಡಂ, ಸಂಬಂಧ ಬೇಕು ಅಂತ ಅವರೇ ಹಾಕಿದಾರೆ. ವಿಳಾಸ, ಬರಬೇಕಾದ ಹೊತ್ತು ಎಲ್ಲಾ ಕೊಟ್ಟಿದಾರೆ. ಮತ್ತೆ ಕೂಡಿ ಬಾಳೋಣ ಅಂತ ಕೇಳೋಕೆ ಬಂದೆ, ತಪ್ಪಾ?" ಎಂದ.

ಆಕೆ ನನ್ನ ಕಡೆ ತಿರುಗಿ, "ಇದು ಕದ್ದಿದ್ದಾ?" ಎಂದು ಕೇಳಿದರು.

"ಇಲ್ಲ ಮೇಡಂ. ಎಲ್ರಿಗೂ ಕಾಣೋ ಹಾಗೆ ಇಟ್ಟಿದ್ರು."

"ಇಟ್ಟಿದ್ದು ಯಾರು?"

"ನಾನು" ಎಂದೆ. ತಂಗಿಗೆ ಅಲ್ಲಿಯವರೆಗೆ ಅದು ಗೊತ್ತಿರಲಿಲ್ಲ. ಅವಳು ನನ್ನನ್ನು ನೋಡಿದಳು, ಮತ್ತೆ ನೆಲ ನೋಡಿದಳು.

"ಹೇಗೆ ಹುಡುಕಿದೆ?" ಎಂದು ಆಕೆ ಅವನನ್ನು ಕೇಳಿದರು. ಅವನು ನಕ್ಕ. "ಹುಡುಕೋದೇನಿದೆ ಮೇಡಂ? ನಮ್ಮ ಮದುವೆನೂ ಆ ಕೇಂದ್ರದಿಂದಲೇ ಆಗಿದ್ದು. ಒಂದಲ್ಲ ಒಂದು ದಿನ ಅವರಮ್ಮ ಅಲ್ಲೇ ಬರೆಸ್ತಾರೆ ಅಂತ ಗೊತ್ತಿತ್ತು. ಕಾಯ್ತಾ ಇದ್ದೆ."

ನಾನು ಬರೆದ ಟೂಲು ಅವನಿಗೆ ಬೇಕೇ ಆಗಲಿಲ್ಲ. ನಮ್ಮ ಮನೆಯವರ ಪದ್ಧತಿ ಗೊತ್ತಿದ್ದರೆ ಸಾಕಾಗಿತ್ತು.

ಇನ್ನು ಹತ್ತಿರ ಬರುವುದಿಲ್ಲ ಎಂದು ಬರೆಸಿಕೊಂಡು ಅವನನ್ನು ಬಿಟ್ಟರು. ಅದಕ್ಕಿಂತ ಹೆಚ್ಚಿಗೆ ಏನೂ ಮಾಡುವ ಹಾಗಿರಲಿಲ್ಲವಂತೆ. ಹೊರಗೆ ಹೋಗುವಾಗ ನನ್ನ ಮುಂದೆ ಒಂದು ಕ್ಷಣ ನಿಂತು, "ಥ್ಯಾಂಕ್ಸ್ ಅಕ್ಕಾ" ಎಂದ. ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ನನಗೆ ಬರಬೇಕಿತ್ತು. ಬರಲಿಲ್ಲ. ಬರೀ ಹೆದರಿಕೆ ಬಂತು.

ಕೇಂದ್ರದ ಕೋಣೆಗೆ ಹೋಗಿ ಕಾರ್ಯದರ್ಶಿಗಳಿಗೆ ಎಲ್ಲ ಹೇಳಿದೆ. ಅವರು ಆ ನೀಲಿ ಸೀಲನ್ನು ಎತ್ತಿ ಬೀರುವಿನೊಳಗಿಟ್ಟರು. ಸರ್ಚ್‌ನವರ ಹತ್ತಿರ ಉಳಿದಿದ್ದ ನಕಲನ್ನು ತೆಗೆಸಲು ಪತ್ರದ ಮೇಲೆ ಪತ್ರ ಬರೆದೆ, ತೆಗೆದರು. ಆದರೆ ಅವನ ಜೇಬಿನಲ್ಲಿರುವ ಹಾಳೆಯನ್ನು ಯಾರಿಗೆ ಬರೆದು ತೆಗೆಸಲಿ?

ತಂಗಿ ನಮ್ಮ ಮನೆಯಲ್ಲಿ ಐದು ದಿನ ಇದ್ದಳು. ಕೆಲಸ ಬಿಟ್ಟಳು, ಮನೆ ಖಾಲಿ ಮಾಡಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆರನೆಯ ದಿನ ಬೆಳಿಗ್ಗೆ ಅವಳ ಬ್ಯಾಗು ಬಾಗಿಲ ಹತ್ತಿರ ಇತ್ತು.

"ಎಲ್ಲಿಗೆ? ಇರು, ನಾನೇ ಒಂದು ಮನೆ ನೋಡ್ತೀನಿ. ಈ ಸಲ ತುಂಬಾ ಹುಷಾರಾಗಿ" ಎಂದೆ.

"ಬೇಡ ಅಕ್ಕಾ" ಎಂದಳು. ಚಪ್ಪಲಿಯ ಬಕಲ್ ಹಾಕಿಕೊಂಡಳು. ಆ ಎರಡು ಬೆರಳಿನಿಂದಾಗಿ ಅವಳಿಗೆ ಅದು ತಡವಾಗುತ್ತದೆ. ಬಗ್ಗಿ ಹಾಕಿಕೊಡಲು ಹೋದೆ, ಕಾಲು ಹಿಂದಕ್ಕೆ ತೆಗೆದುಕೊಂಡಳು. "ಎಲ್ಲಿಗೆ ಅಂತ ಅಮ್ಮಂಗೂ ಹೇಳಲ್ಲ. ನಿಂಗೂ ಹೇಳಲ್ಲ. ನೀನು ಕೇಳಬೇಡ."

ಅವಳು ಹೋಗಿ ಏಳು ತಿಂಗಳಾಯಿತು. ಫೋನಿಲ್ಲ, ಪತ್ರವಿಲ್ಲ. ನಾನು ದಿನಾ ಎದ್ದು ಕಪ್ಪು ಪರದೆ ತೆರೆದು ಅವಳ ಹೆಸರು ಟೈಪ್ ಮಾಡುತ್ತೇನೆ. ಆರು ಗಂಟೆಗೆ ಸರಿಯಾಗಿ ಚಿಕ್ಕಮ್ಮನ ಫೋನು ಬರುತ್ತದೆ. ಈಗ ಅವರಿಗೆ ನೋಡಲು ಫೋಟೋ ಇಲ್ಲ.

"ಏನಾದ್ರೂ ಸಿಕ್ತಾ ಕಣೇ?"

"ಏನೂ ಸಿಗ್ಲಿಲ್ಲ ಚಿಕ್ಕಮ್ಮ."

"ಸದ್ಯ. ಚೆನ್ನಾಗಿದಾಳೆ ಹಾಗಾದ್ರೆ" ಎಂದು ಅವರು ಫೋನ್ ಇಡುತ್ತಾರೆ.

ಅವಳ ವಿಳಾಸ ಬಯಲಲ್ಲಿ ಬಿದ್ದಿದ್ದ ಆ ಹನ್ನೆರಡು ದಿನವೂ, ಸ್ಕ್ಯಾನ್ ಹಾಳೆ ಓದಲು ಬಾರದ ನನ್ನ ಟೂಲು ಬೆಳಿಗ್ಗೆ ಇದೇ ಎರಡು ಪದ ಹೇಳಿತ್ತು. ಅದನ್ನು ನಾನು ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ.